ಕೋಟೆಗೋಡೆಗೆ ಸಿಮೆಂಟ್ ಬೇಡ
ಬಸವಕಲ್ಯಾಣದಲ್ಲಿ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾದ ನೂತನ ಅನುಭವ ಮಂಟಪಕ್ಕೆ ಸರ್ಕಾರ ನೂರಾರು ಕೋಟಿ ರೂಪಾಯಿ ತೊಡಗಿಸುತ್ತಿರುವುದು ಸ್ವಾಗತಾರ್ಹ. ಅದೇ ಊರಿನ ಕೋಟೆಗೂ ಅಷ್ಟೇ ಕಾಳಜಿ ಸಲ್ಲಬೇಕು. 11ನೇ ಶತಮಾನದಲ್ಲಿ ಚಾಲುಕ್ಯ ದೊರೆ ಒಂದನೇ ಸೋಮೇಶ್ವರನ ರಾಜಧಾನಿಯಾದ ಈ ಊರು, ಅಂದಿನ ಕಲ್ಯಾಣ, ಮುಂದೆ ಬಹಮನಿ ಸುಲ್ತಾನರ, ನಿಜಾಮರ ಅಧೀನದ ನವಾಬರ ಕೈಸೇರಿತು. ಆ ಆಳ್ವಿಕೆಗಳೆಲ್ಲದರ ಗುರುತು ಹೊತ್ತ, ಕೈಯಿಂದಲೇ ಕಡೆದ ಕಲ್ಲುಗಳ ಗೋಡೆಯ ಈ ಕೋಟೆ ಈಗ ಸರ್ಕಾರಿ ವಸ್ತುಸಂಗ್ರಹಾಲಯವನ್ನೂ ಒಳಗೊಂಡಿದೆ.

ಹಳೆಯ ಗೋಡೆಗಳ ದುರಸ್ತಿಗೆ ಸಿಮೆಂಟ್ ಅಗ್ಗ, ಬೇಗ ಒಣಗುತ್ತದೆ ಎಂಬ ವಾದವಿದೆ. ಆದರೆ ಸುಣ್ಣದ ಗಾರೆ ತೇವವನ್ನು ಹೊರಬಿಡುತ್ತದೆ; ಸಿಮೆಂಟ್ ಅದನ್ನು ಒಳಗೇ ತಡೆಯುವುದರಿಂದ ಕಲ್ಲೇ ಸಿಡಿಯುತ್ತದೆ, ಮತ್ತೆ ದುರಸ್ತಿ, ಮತ್ತೆ ಖರ್ಚು. ಆದ್ದರಿಂದ ಗುತ್ತಿಗೆಯ ಷರತ್ತಿನಲ್ಲೇ ಸುಣ್ಣದ ಗಾರೆಯನ್ನು ಕಡ್ಡಾಯಗೊಳಿಸಬೇಕು. ಕಲ್ಲು ಕದಲಿಸುವ ಮೊದಲು ಪ್ರತಿ ವರಸೆಯ ನಕ್ಷೆ ತೆಗೆಯಬೇಕು. ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳ ಕಲ್ಲುಕುಟಿಗರಿಗೆ ತರಬೇತಿ ನೀಡಿ ಕೆಲಸ ವಹಿಸಬೇಕು.