ಮನಸ್ಸಿಗೂ ಡಾಕ್ಟರಿದ್ದಾರೆ

ಮೊಮ್ಮಕ್ಕಳೇ, ಸಿರುಗುಪ್ಪ, ಕುರುಗೋಡಿನಿಂದ ಬಳ್ಳಾರಿ ಕಾಲೇಜಿಗೆ ಬಸ್ಸಿನಲ್ಲಿ ಬರುವ ನಿಮ್ಮ ಅಣ್ಣ ಅಕ್ಕಂದಿರು ಊಟ, ನಿದ್ದೆ ಬಿಟ್ಟರೆ ಸೊಕ್ಕು ಅನ್ನಬೇಡಿ. ಅಜ್ಜಿಯರೇ, ದೃಷ್ಟಿ ತೆಗೆದರೆ ಸಾಲದು.

1985ರಲ್ಲಿ ನಿಮ್ಹಾನ್ಸ್‌ನವರು ನಮ್ಮ ಜಿಲ್ಲೆಯನ್ನೇ ಆರಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೇ ಮನಸ್ಸಿನ ಕಾಯಿಲೆಯ ಚಿಕಿತ್ಸೆ ಕಲಿಸಿದರು. 'ಬಳ್ಳಾರಿ ಮಾದರಿ' ಎಂದೇ ಹೆಸರಾಯಿತು. 1996ರಿಂದ ದೇಶದ ಬೇರೆ ಜಿಲ್ಲೆಗಳಿಗೂ ಹೋಯಿತು. ಗಣಿಗಿಂತ ನನಗೆ ಇದೇ ಹೆಮ್ಮೆ.

ಈಗ 14416 ಇದೆ, ಟೆಲಿ ಮಾನಸ್. ಹಗಲೂ ರಾತ್ರಿ, ಕನ್ನಡದಲ್ಲೇ, ದುಡ್ಡಿಲ್ಲದೆ. ಬಿ.ಕಾಂ. ಓದುವ ನನ್ನ ಮೊಮ್ಮಗಳು ಪರೀಕ್ಷೆಗೆ ಹೆದರಿ ವಾರವಿಡೀ ಸರಿಯಾಗಿ ಉಣ್ಣಲಿಲ್ಲ. ಒಂದು ರಾತ್ರಿ ನಾನೇ ಫೋನ್ ಹಚ್ಚಿ ಕೊಟ್ಟೆ. ಅರ್ಧ ಗಂಟೆ ಮಾತಾಡಿದಳು. ಕೇಳಿಸಿಕೊಳ್ಳಬಾರದೆಂದು ನಾನು ಹೊರಗೆ ಕಟ್ಟೆ ಮೇಲೆ ಕೂತೆ. ಎದುರಿಗೇ ಕೂತು ಮಾತಾಡಬೇಕೆನ್ನುವವರಿಗೆ ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ.