ತೂಕ ಇಳಿದದ್ದೆಲ್ಲ ತಪಸ್ಸಿನ ಫಲವೇ?

ಚಾತುರ್ಮಾಸ ಬಂತೆಂದರೆ ನಮ್ಮ ಮನೆಗಳಲ್ಲಿ ಏಕಾಶನ, ಉಪವಾಸಗಳ ಸಾಲು. ಯಾರಾದರೂ ಸೊರಗಿದರೆ, "ವ್ರತ ಹಿಡಿದಿದ್ದಾರಲ್ಲ" ಎಂದು ಸುಮ್ಮನಾಗುತ್ತೇವೆ. ಆದರೆ ಉಪವಾಸದಿಂದ ಇಳಿದ ತೂಕ ಪಾರಣೆಯ ನಂತರ ಬಹುಮಟ್ಟಿಗೆ ಮರಳಬೇಕು. ಹೊಟ್ಟೆ ತುಂಬ ಉಂಡರೂ ಮೈ ಇಳಿಯುತ್ತಲೇ ಇದ್ದರೆ ಅದು ವ್ರತದ ಫಲವಲ್ಲ, ದೇಹ ಕೊಡುವ ಎಚ್ಚರಿಕೆ.

ವ್ಯಾಪಾರಸ್ಥರಾದ ನಮಗೆ ಜಮಾ-ಖರ್ಚು ಹೇಳಿಕೊಡಬೇಕಾಗಿಲ್ಲ. ಜಮಾ ಚೆನ್ನಾಗಿದ್ದೂ ಶಿಲ್ಕು ಕರಗುತ್ತಿದ್ದರೆ ಎಲ್ಲೋ ಕಾಣದ ಖರ್ಚಿದೆ ಎಂದೇ ಅರ್ಥ. ಕುತ್ತಿಗೆಯ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿ ಅತಿಯಾಗಿ ಹಾರ್ಮೋನು ಸುರಿಸಿದಾಗ ದೇಹದಲ್ಲಿ ಇಂಥದೇ ದುಂದುವೆಚ್ಚ ನಡೆಯುತ್ತದೆ. ಎದೆ ಡವಗುಟ್ಟುವುದು, ಲೆಕ್ಕ ಬರೆಯುವಾಗ ಕೈ ನಡುಗುವುದು, ಸೆಕೆ ತಡೆಯದಿರುವುದು, ನಿದ್ರೆ ಬಾರದಿರುವುದು, ಸಣ್ಣ ಮಾತಿಗೂ ಸಿಡುಕುವುದು, ಪದೇ ಪದೇ ಮಲವಿಸರ್ಜನೆ ಇದರ ಲಕ್ಷಣಗಳು. ಕೆಲವರಿಗೆ ಕಣ್ಣು ಮುಂದೆ ಬಂದಂತೆ ಕಾಣುತ್ತದೆ. ಪುರುಷರಿಗಿಂತ ಸ್ತ್ರೀಯರಲ್ಲಿ ಈ ತೊಂದರೆ ಹೆಚ್ಚು. ವೃದ್ಧರಲ್ಲಿ ಬರೀ ಮಂಕುತನ, ತೂಕ ಇಳಿಕೆ ಮತ್ತು ತಾಳ ತಪ್ಪಿದ ನಾಡಿಯಷ್ಟೇ ಕಾಣಬಹುದು. ಅಲಕ್ಷಿಸಿದರೆ ಹೃದಯಕ್ಕೂ ಮೂಳೆಗಳಿಗೂ ಅಪಾಯ.

60 ಕಿಲೋ ತೂಗುವವರು ಕಾರಣವಿಲ್ಲದೆ 6 ತಿಂಗಳಲ್ಲಿ 3 ಕಿಲೋ ಇಳಿದರೆ ವೈದ್ಯರನ್ನು ಕಾಣಬೇಕು. ಸಕ್ಕರೆ ಕಾಯಿಲೆ, ಕ್ಷಯ ಮುಂತಾದವುಗಳಲ್ಲೂ ತೂಕ ಇಳಿಯುವುದರಿಂದ ನಾವೇ ತೀರ್ಮಾನಿಸಬಾರದು. ಟಿ.ಎಸ್.ಎಚ್., ಟಿ-3, ಟಿ-4 ರಕ್ತ ಪರೀಕ್ಷೆಗಳಿಂದ ಥೈರಾಯ್ಡ್ ತೊಂದರೆ ತಿಳಿಯುತ್ತದೆ. ಉಂಡವಳ್ಳಿ, ಆಲಂಪುರದ ಕಡೆಯವರು ಕರ್ನೂಲಿಗೂ ನಾರಾಯಣಪೇಟೆ, ಮಕ್ತಲದವರು ರಾಯಚೂರಿಗೂ ಸರಕು ತರಲು ಹೋದಾಗಲೇ ಈ ಕೆಲಸ ಮುಗಿಸಿಕೊಳ್ಳಬಹುದು.

ಔಷಧದ ಬಗ್ಗೆ ನಮ್ಮವರಿಗೆ ಸಂಕೋಚವಿರುವುದು ಸಹಜ. ಸಾಮಾನ್ಯವಾಗಿ ಕೊಡುವ ಕಾರ್ಬಿಮಜೋಲ್ ರಾಸಾಯನಿಕವಾಗಿ ತಯಾರಾದ ಔಷಧ; ಪ್ರಾಣಿಗಳ ಗ್ರಂಥಿಯಿಂದ ತೆಗೆದದ್ದಲ್ಲ. ಅನೇಕರಿಗೆ ದಿನಕ್ಕೊಮ್ಮೆ ಸಾಕು. ರಾತ್ರಿಭೋಜನ ತ್ಯಾಗವಿದ್ದರೆ ವೈದ್ಯರಿಗೆ ಮೊದಲೇ ಹೇಳಿ. ಚಿಕಿತ್ಸೆ ಅನೇಕ ವೇಳೆ 12ರಿಂದ 18 ತಿಂಗಳು ನಡೆಯುತ್ತದೆ. ತೂಕ ಮರಳಿತೆಂದು ನಡುವೆ ಬಿಡಬಾರದು. ಒಂದೇ ಎಚ್ಚರಿಕೆ: ಈ ಗುಳಿಗೆ ಸೇವಿಸುವಾಗ ಜ್ವರ, ಗಂಟಲು ನೋವು ಬಂದರೆ ಗುಳಿಗೆ ನಿಲ್ಲಿಸಿ, ಅಂದೇ ವೈದ್ಯರ ಬಳಿ ಹೋಗಿ ರಕ್ತ ಪರೀಕ್ಷೆ ಮಾಡಿಸಬೇಕು. ಗರ್ಭಿಣಿಯರು, ಗರ್ಭ ಬಯಸುವವರು ಅದನ್ನು ಮೊದಲೇ ತಿಳಿಸಬೇಕು.

ರೋಗ ಹತೋಟಿಗೆ ಬರುವವರೆಗೆ ದೀರ್ಘ ಉಪವಾಸ ಬೇಡ. ಇದರಿಂದ ಧರ್ಮಕ್ಕೆ ಲೋಪ ಬಂತೆಂದು ಕೊರಗಬೇಕಾಗಿಲ್ಲ. ಷೋಡಶ ಕಾರಣ ಭಾವನೆಗಳಲ್ಲಿ 'ಶಕ್ತಿತಸ್ತಪ'ವೂ ಒಂದು. ಶಕ್ತಿಗೆ ತಕ್ಕ ತಪಸ್ಸನ್ನೇ ನಮ್ಮ ಆಚಾರ್ಯರು ಹೇಳಿದ್ದಾರೆ. ಉಪವಾಸವಾಗದವರಿಗೆ ಸ್ವಾಧ್ಯಾಯ, ದಾನಗಳ ದಾರಿ ತೆರೆದೇ ಇದೆ.

ಮುಂದಿನ ಚಾತುರ್ಮಾಸದ ಮೊದಲ ದಿನ ಮನೆಯವರೆಲ್ಲರ ತೂಕ ನೋಡಿ ಬರೆದಿಡೋಣ. ವ್ರತಗಳು ಮುಗಿದು ತಿಂಗಳಾದ ಮೇಲೆ ಮತ್ತೊಮ್ಮೆ ಬರೆಯೋಣ. ಅಂಗಡಿಯ ಲೆಕ್ಕದಲ್ಲಿ ಒಂದು ರೂಪಾಯಿ ತಪ್ಪಿದರೂ ಹುಡುಕುವ ನಾವು, ಮನೆಯವರ ಮೈಯಿಂದ ಕಿಲೋಗಟ್ಟಲೆ ಕರಗಿದ್ದನ್ನು ಗಮನಿಸದೆ ಹೋಗಬಾರದು.

ಜೈ ಜಿನೇಂದ್ರ.