ಹೃದಯದ ಎಂಆರ್‌ಐ: ಯಂತ್ರ ಬಂದರಷ್ಟೇ ಸಾಕೇ?

ಕಾಸರಗೋಡು: ಎದೆನೋವು ಎಂದರೆ ಮಂಗಳೂರು. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯ ಮನೆಗಳಲ್ಲಿ ಇದು ಹಿಂದಿನಿಂದಲೂ ನಡೆದುಬಂದ ಲೆಕ್ಕ. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ತಲಪಾಡಿ ಗಡಿ ಮುಚ್ಚಿ ಆಂಬುಲೆನ್ಸ್‌ಗಳು ವಾಪಸಾದಾಗ ಈ ಅವಲಂಬನೆ ಎಷ್ಟು ಅಪಾಯದ್ದು ಎಂಬುದು ಎಲ್ಲರಿಗೂ ಗೊತ್ತಾಯಿತು. ವಿಷಯ ಕೇರಳ ಹೈಕೋರ್ಟ್, ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಈಗ ದೊಡ್ಡ ಆಸ್ಪತ್ರೆಗಳಿಗಷ್ಟೇ ಸೀಮಿತವಾಗಿದ್ದ ಹೃದಯದ ಎಂಆರ್‌ಐ ಸಣ್ಣ ಊರಿಗೂ ಬರಬಹುದಾದ ಲಕ್ಷಣ ಕಾಣುತ್ತಿದೆ. ಬಂದರೆ ಗಡಿಯ ರೋಗಿಗೆ ದಕ್ಕುವುದೆಷ್ಟು ಎಂಬುದೇ ಪ್ರಶ್ನೆ.

ಏನಿದರ ವಿಶೇಷ?

ಇಸಿಜಿ ಹೃದಯದ ವಿದ್ಯುತ್ ಚಲನೆ ತೋರಿಸುತ್ತದೆ. ಎಕೋ ಬಡಿತ ತೋರಿಸುತ್ತದೆ. ಆಂಜಿಯೋಗ್ರಾಂನಲ್ಲಿ ರಕ್ತನಾಳದ ಬ್ಲಾಕ್ ಗೊತ್ತಾಗುತ್ತದೆ. ಆದರೆ ಹೃದಯಾಘಾತದ ನಂತರ ಎಷ್ಟು ಸ್ನಾಯು ಸತ್ತಿದೆ, ಎಷ್ಟು ಉಳಿದಿದೆ ಎಂಬುದನ್ನು ಸ್ಪಷ್ಟವಾಗಿ ಹೇಳುವುದರಲ್ಲಿ ಎಂಆರ್‌ಐ ಮುಂದು. ಗ್ಯಾಡೊಲಿನಿಯಂ ಎಂಬ ಔಷಧ ಚುಚ್ಚಿ ಚಿತ್ರ ತೆಗೆದರೆ ಸತ್ತ ಭಾಗ ಬೆಳ್ಳಗೆ ಕಾಣುತ್ತದೆ. ಬೈಪಾಸ್ ಮಾಡಿದರೆ ಪ್ರಯೋಜನ ಉಂಟೋ ಇಲ್ಲವೋ ಎಂದು ಅಂದಾಜಿಸಲು ಇದು ನೆರವಾಗುತ್ತದೆಂದು ಅಮೆರಿಕದ ಸಂಶೋಧಕರು 2000ದಲ್ಲೇ ತೋರಿಸಿದ್ದರು. ಎಕ್ಸ್‌ರೇ ಕಿರಣದ ಭಯವೂ ಇಲ್ಲ.

2019ರಲ್ಲಿ ಪ್ರಕಟವಾದ ಎಂಆರ್-ಇನ್‌ಫಾರ್ಮ್ ಅಧ್ಯಯನದ ಫಲಿತಾಂಶ ಮನೆಯವರ ಜೇಬಿಗೂ ಸಂಬಂಧಪಟ್ಟದ್ದು. ಎದೆನೋವಿನ 918 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಮೊದಲು ಎಂಆರ್‌ಐ, ಉಳಿದವರಿಗೆ ಆಂಜಿಯೋಗ್ರಾಂ ಜತೆ ರಕ್ತದ ಒತ್ತಡ ಅಳೆಯುವ ವಿಧಾನ. ಎಂಆರ್‌ಐ ಗುಂಪಿನಲ್ಲಿ ಶೇ. 35.7 ಮಂದಿಗೆ ಸ್ಟೆಂಟ್ ಅಥವಾ ಬೈಪಾಸ್ ಆಯಿತು, ಇನ್ನೊಂದರಲ್ಲಿ ಶೇ. 45 ಮಂದಿಗೆ. ವರ್ಷದ ನಂತರ ನೋಡಿದರೆ ಸಾವು, ಹೃದಯಾಘಾತದಂಥ ತೊಂದರೆಗಳ ಒಟ್ಟು ಪ್ರಮಾಣದಲ್ಲಿ ಎರಡೂ ಗುಂಪು ಹೆಚ್ಚುಕಮ್ಮಿ ಸಮ.

ಇಷ್ಟು ದಿನ ಯಾಕೆ ಬರಲಿಲ್ಲ?

ಹೃದಯ ಸುಮ್ಮನಿರುವ ಅಂಗ ಅಲ್ಲ. ಬಡಿತಕ್ಕೆ ಹೊಂದಿಸಿ ಚಿತ್ರ ತೆಗೆಯಬೇಕು, ರೋಗಿ ಪದೇಪದೇ ಉಸಿರು ಹಿಡಿಯಬೇಕು. ಹೀಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ಅಷ್ಟರಲ್ಲಿ ಸೊಂಟ, ಮೊಣಕಾಲಿನ ಎರಡು ಸ್ಕ್ಯಾನ್ ಮುಗಿಸಬಹುದು. ಹಾಗಾಗಿ ಸ್ಕ್ಯಾನ್ ಸೆಂಟರ್‌ಗಳಿಗೆ ಹೃದಯ ಲಾಭದ ಬಾಬ್ತಲ್ಲ. ಉಸಿರು ಹಿಡಿಯಿರಿ ಎಂಬ ಮಾತು ಅಜ್ಜಿಗೆ ಅರ್ಥವಾಗದ ಭಾಷೆಯಲ್ಲಿ ಬಂದರೆ ಚಿತ್ರವೇ ಮಸುಕು. ಇದು ಗಡಿಯವರಿಗೆ ಹೇಳಿಕೊಡಬೇಕಾದ್ದಲ್ಲ.

ಬದಲಾಗುತ್ತಿರುವುದೇನು?

ಹೊಸ ತಂತ್ರಾಂಶಗಳು ಕಡಿಮೆ ಮಾಹಿತಿಯಿಂದಲೇ ಚಿತ್ರ ಕಟ್ಟುತ್ತವೆ. ಕೃತಕ ಬುದ್ಧಿಮತ್ತೆಯ ಸಹಾಯದಿಂದ ಸಮಯ ಇಳಿಯುತ್ತಿದೆ, ರೋಗಿ ಸಹಜವಾಗಿ ಉಸಿರಾಡುತ್ತಿದ್ದರೂ ಚಿತ್ರ ತೆಗೆಯುವ ವಿಧಾನಗಳು ಬಂದಿವೆ. ಹಳೆಯ ಮಾದರಿಯ ಯಂತ್ರಕ್ಕೆ ಸುಮಾರು 1,500 ಲೀಟರ್ ದ್ರವ ಹೀಲಿಯಂ ಬೇಕು. 2018ರಲ್ಲಿ ಫಿಲಿಪ್ಸ್ ಕಂಪನಿ ಏಳು ಲೀಟರ್‌ನಲ್ಲಿ ನಡೆಯುವ ಯಂತ್ರ ತಂದಿತು. 2020ರಲ್ಲಿ ಸೀಮೆನ್ಸ್ ಒಂದು ಲೀಟರ್‌ಗಿಂತಲೂ ಕಡಿಮೆ ಸಾಕಾಗುವ ಯಂತ್ರ ಘೋಷಿಸಿತು. ಬೆಂಗಳೂರಿನ ವಾಕ್ಸೆಲ್‌ಗ್ರಿಡ್ಸ್ ಸಂಸ್ಥೆ ರೂಪಿಸಿದ 1.5 ಟೆಸ್ಲಾ ಸ್ವದೇಶಿ ಯಂತ್ರ 2023ರ ಆಗಸ್ಟ್‌ನಲ್ಲಿ ದಿಲ್ಲಿಯಲ್ಲಿ ಬಿಡುಗಡೆಯಾಗಿದೆ. ಯಂತ್ರದ ಬೆಲೆ, ನಿರ್ವಹಣೆ ಎರಡೂ ಇಳಿದರೆ ಜಿಲ್ಲಾ ಮಟ್ಟದ ಆಸ್ಪತ್ರೆಗೂ ಎಟುಕೀತು.

ಗಡಿಯ ಲೆಕ್ಕವೇ ಬೇರೆ

ಹಾಗಂತ ಯಂತ್ರ ಬಂದ ಕೂಡಲೇ ಎಲ್ಲ ಸರಿಹೋಗದು. ಹೃದಯದ ಎಂಆರ್‌ಐ ತೆಗೆಯಲು ತರಬೇತಿ ಪಡೆದ ಟೆಕ್ನಿಷಿಯನ್ ಬೇಕು, ಓದಲು ಅದರಲ್ಲೇ ಪಳಗಿದ ವೈದ್ಯರು ಬೇಕು. ಚಿತ್ರವನ್ನು ಕಂಪ್ಯೂಟರ್ ಮೂಲಕ ದೂರದ ತಜ್ಞರಿಗೆ ಕಳುಹಿಸಬಹುದು. ಆದರೆ ಹೃದಯಕ್ಕೆ ಒತ್ತಡ ಕೊಡುವ ಔಷಧ ನೀಡಿ ಪರೀಕ್ಷಿಸುವಾಗ ವೈದ್ಯರು ಅಲ್ಲೇ ಇರಬೇಕು.

ಇನ್ನು ದುಡ್ಡಿನ ಮಾತು. ಆಯುಷ್ಮಾನ್ ಭಾರತ್ ಪಟ್ಟಿಯಲ್ಲಿರುವ ಕುಟುಂಬದ ಕಾರ್ಡ್ ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲೂ ನಡೆಯಬೇಕೆಂಬುದು ನಿಯಮ. ಆದರೆ ಯೋಜನೆ ಇರುವುದು ಅಡ್ಮಿಟ್ ಆದವರಿಗೆ. ಹೊರರೋಗಿಯಾಗಿ ಹೋಗಿ ಬರೀ ಸ್ಕ್ಯಾನ್ ಮಾಡಿಸಿದರೆ ಖರ್ಚು ಕೈಯಿಂದಲೇ. ಆಪರೇಷನ್ ಬೇಕೋ ಬೇಡವೋ ಎಂದು ಹೇಳುವ ಪರೀಕ್ಷೆಗೇ ದುಡ್ಡು ಸಿಗದಿದ್ದರೆ ಬಡವರಿಗೆ ಹೊಸ ತಂತ್ರಜ್ಞಾನ ಇದ್ದೂ ಇಲ್ಲದಂತೆ.

ಉಕ್ಕಿನಡ್ಕದಲ್ಲಿ 2013ರಲ್ಲಿ ಶಿಲಾನ್ಯಾಸವಾದ ಸರಕಾರಿ ಮೆಡಿಕಲ್ ಕಾಲೇಜು ವರ್ಷಗಟ್ಟಲೆ ಕುಂಟಿದ್ದು ಈ ಭಾಗದವರಿಗೆ ಗೊತ್ತೇ ಇದೆ. ಕಟ್ಟಡಕ್ಕೆ ಬೇಡಿಕೆ ಇಟ್ಟಷ್ಟೇ ಗಟ್ಟಿಯಾಗಿ ವೈದ್ಯರಿಗೆ, ತಂತ್ರಜ್ಞರಿಗೆ, ಕನ್ನಡ ಬಲ್ಲ ಸಿಬ್ಬಂದಿಗೆ ಬೇಡಿಕೆ ಇಡದಿದ್ದರೆ ಹೃದಯದ ಎಂಆರ್‌ಐಗೂ ಅದೇ ಗತಿ ಬಂದೀತು.

ರೋಗಿಗಳ ಗಮನಕ್ಕೆ

ಹಠಾತ್ ಎದೆನೋವಿಗೆ ಎಂಆರ್‌ಐ ಹುಡುಕಿಕೊಂಡು ಹೋಗಬಾರದು. ಹತ್ತಿರದ ಆಸ್ಪತ್ರೆಯಲ್ಲಿ ಕೂಡಲೇ ಇಸಿಜಿ ಆಗಬೇಕು. ಪೇಸ್‌ಮೇಕರ್, ದೇಹದಲ್ಲಿ ಲೋಹದ ಚೂರು, ಕಿಡ್ನಿ ತೊಂದರೆ, ಇಕ್ಕಟ್ಟಿನ ಜಾಗದ ಭಯ ಇದ್ದರೆ ಸ್ಕ್ಯಾನ್‌ಗೆ ಮೊದಲೇ ತಿಳಿಸಬೇಕು. ಸ್ಟೆಂಟ್ ಹಾಕಿಸಿಕೊಂಡವರು ಅದರ ಕಾರ್ಡ್ ಒಯ್ಯಬೇಕು. ವರದಿಯ ಕಾಗದದ ಜತೆ ಸಿಡಿಯನ್ನೂ ಕೇಳಿ ಪಡೆದಿಟ್ಟುಕೊಂಡರೆ ಗಡಿಯ ಇನ್ನೊಂದು ಬದಿಯ ಆಸ್ಪತ್ರೆಯಲ್ಲಿ ಅದೇ ಪರೀಕ್ಷೆಗೆ ಮತ್ತೊಮ್ಮೆ ದುಡ್ಡು ಸುರಿಯುವುದನ್ನು ತಪ್ಪಿಸಬಹುದು.